ಡೇರೆ ಕೊಳ್ಳುವ ಮೊದಲು ಒಣಗಿಸುವ ಜಾಗ ನೋಡಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳ ರಜೆಯ ಬಗ್ಗೆ ಬಂದ ಪ್ರಶ್ನೆಗೆ ಉತ್ತರಿಸುವಾಗ ನನ್ನ ಹಳೆಯ ಕ್ಯಾನ್ವಾಸ್ ಡೇರೆಯ ಬಗ್ಗೆ ಎರಡು ಸಾಲು ಬರೆದಿದ್ದೆ. ನೆಟ್ಟಗೆ ನಿಲ್ಲುವ ಬಟ್ಟೆಯ ಗೋಡೆ, ಮೇಲೆ ಮನೆಯ ಮಾಡಿನ ಹಾಗೆ ಎರಡು ಕಡೆಗೆ ಇಳಿಜಾರು, ಒಳಗೆ ತಲೆ ಬಗ್ಗಿಸದೆ ಓಡಾಡಬಹುದು ಎಂದಿದ್ದೆ. ಇಂಥ ಡೇರೆಗೆ ವಾಲ್ ಟೆಂಟ್ ಎನ್ನುತ್ತಾರೆ. ಆ ಎರಡು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಡೇರೆಗೇ.

ಹೊಸ ಓದುಗರಿಗೆ ಒಂದು ಮಾತು. ನನ್ನ ಅಪ್ಪ ಮಂಗಳೂರಿನ ಬಂದರಿನಲ್ಲಿ ಕ್ಯಾನ್ವಾಸ್ ಹೊಲಿಯುತ್ತಿದ್ದರು. ಲಾರಿಗಳ ಟರ್ಪಾಲು, ಅಂಗಡಿ ಮುಂದಿನ ಪರದೆ, ಯಕ್ಷಗಾನದ ಡೇರೆ ಮೇಳಗಳ ಡೇರೆ, ಎಲ್ಲ ಅವರ ಕೈಯಲ್ಲಿ ಹಾದುಹೋಗಿವೆ. ನಾನು ಉಡುಪಿಯಲ್ಲಿ ಟೀಚರಾಗಿದ್ದೆ. 28 ವರ್ಷ ಗೈಡ್ಸ್ ಹುಡುಗಿಯರನ್ನು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೇನೆ. ನನಗೆ ಗೊತ್ತಿರುವುದು ಈ ಎರಡು ಕಡೆಯಿಂದ ಬಂದದ್ದು.

ನಮಸ್ಕಾರ ಟೀಚರ್. ನಾವು ಮನೆಯವರು ಐದು ಜನ. ಪ್ರತಿ ವರ್ಷ ಡಿಸೆಂಬರ್-ಜನವರಿಯಲ್ಲಿ ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಗೆಳೆಯರ ತೋಟಕ್ಕೆ ಹೋಗಿ ಎರಡು-ಮೂರು ರಾತ್ರಿ ಟೆಂಟಿನಲ್ಲಿ ಮಲಗುತ್ತೇವೆ. ತೋಟದ ತನಕ ಜೀಪು ಹೋಗುತ್ತದೆ. ಈಗಿರುವ ನೈಲಾನ್ ಟೆಂಟಿನಲ್ಲಿ ಬೆಳಗಾಗುವ ಹೊತ್ತಿಗೆ ಒಳಗೆಲ್ಲ ನೀರು ಹನಿಯುತ್ತದೆ. ಅಮೆರಿಕದವರು ಬಳಸುವ ವಾಲ್ ಟೆಂಟ್ ನೋಡಿದೆವು. 12×14 ಅಡಿಯದ್ದು ತೆಗೆದುಕೊಳ್ಳೋಣ ಅಂತ ಇದ್ದೇವೆ. ಸರಿಯಾ?
– ಕಾರ್ಕಳದ ಓದುಗರು

ವಾಲ್ ಟೆಂಟ್ ತೆಗೆದುಕೊಳ್ಳಿ, ಅದು ಸರಿ. ಆದರೆ ಆ ಅಳತೆ ಬೇಡ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಅದನ್ನು ಒಣಗಿಸಲು ಎಲ್ಲಿ ಜಾಗ ಇದೆ?

ಬಟ್ಟೆ ಯಾವುದು, ಬೆಲೆ ಎಷ್ಟು, ಕಂಬ ಯಾವುದರದ್ದು, ಇವೆಲ್ಲ ಆಮೇಲೆ. ನಮ್ಮ ಕರಾವಳಿಯಲ್ಲಿ ಕ್ಯಾನ್ವಾಸ್ ಡೇರೆ ಹರಿದು ಹಾಳಾಗುವುದು ಕಡಿಮೆ. ಹೆಚ್ಚಿನವು ಒದ್ದೆಯಲ್ಲಿ ಮಡಚಿಟ್ಟು ಹಾಳಾಗುತ್ತವೆ. 12×14 ಅಡಿಯ ಡೇರೆ, ಗೋಡೆ 5 ಅಡಿ ಎಂದು ಇಟ್ಟುಕೊಳ್ಳಿ. ಮಾಡು, ಗೋಡೆ, ಮುಂದೆ-ಹಿಂದಿನ ತ್ರಿಕೋನ ಎಲ್ಲ ಸೇರಿಸಿದರೆ ಸುಮಾರು 510 ಚದರ ಅಡಿ ಬಟ್ಟೆ. ಒಂದು ಸಣ್ಣ ಫ್ಲಾಟಿನಷ್ಟು. ಇದನ್ನು ಬಾಲ್ಕನಿಯಲ್ಲಿ ಒಣಗಿಸಲು ಆಗುವುದಿಲ್ಲ, ಅಲ್ವಾ?

ನಾನು ಇದನ್ನು ನಷ್ಟ ಮಾಡಿಕೊಂಡೇ ಕಲಿತದ್ದು. ಒಂದು ವರ್ಷ ಮೇ ಕೊನೆಯಲ್ಲಿ ಶಿಬಿರ ಮುಗಿಸಿ ಹೊರಡುವ ಬೆಳಿಗ್ಗೆ ಒಂದು ಮಳೆ ಬಂತು. ಬಸ್ಸು ಕಾಯುತ್ತಿತ್ತು, ಮಕ್ಕಳ ಅಪ್ಪ-ಅಮ್ಮಂದಿರು ಊರಲ್ಲಿ ಕಾಯುತ್ತಿದ್ದರು. ಮೂರು ಡೇರೆಗಳನ್ನು ಹಾಗೇ ಮಡಚಿ ಬಸ್ಸಿನ ಮೇಲೆ ಹಾಕಿಸಿದೆ. ನಾಳೆ ಬಿಡಿಸೋಣ ಅಂತ ಸ್ಟೋರ್ ರೂಮಿನಲ್ಲಿ ಇಡಿಸಿದೆ. ಮರುದಿನದಿಂದ ನನಗೆ ಜ್ವರ. ಬಾಗಿಲು ತೆಗೆದಾಗ 12 ದಿನ ಆಗಿತ್ತು. ವಾಸನೆ ವರಾಂಡಕ್ಕೇ ಬರುತ್ತಿತ್ತು. ಬಿಡಿಸಿ ನೋಡಿದರೆ ಮಡಿಕೆ ಮಡಿಕೆಗೂ ಕಪ್ಪು ಚುಕ್ಕಿ. ಅವುಗಳಲ್ಲಿ ಒಂದು ಅಪ್ಪ ಹೊಲಿದ ಡೇರೆ. ಅವರೇ ಬಂದು ನೋಡಿದರು. ಹೊಲಿಗೆಯ ಪಕ್ಕದಲ್ಲಿ ಎರಡು ಬೆರಳಿನಿಂದ ಹಿಡಿದು ಎಳೆದರು, ಹಳೆಯ ಕಾಗದದ ಹಾಗೆ ಬಿಟ್ಟುಕೊಂಡಿತು. "ಬಟ್ಟೆ ಸತ್ತಿದೆ" ಎಂದರು. ಬೇರೆ ಏನೂ ಹೇಳಲಿಲ್ಲ. ಆ ದಿನ ನನಗೆ ಆದ ಸಂಕಟ ಈಗಲೂ ನೆನಪಿದೆ.

ಹತ್ತಿಯ ಬಟ್ಟೆ ಬೂಷ್ಟಿಗೆ ಊಟ. ನಮ್ಮಲ್ಲಿ ಸೆಕೆ ಇದೆ, ಗಾಳಿಯಲ್ಲಿ ನೀರಿನ ಪಸೆ ಇದೆ. ಒದ್ದೆ ಬಟ್ಟೆ ಗಾಳಿ ಇಲ್ಲದೆ ಎರಡು-ಮೂರು ದಿನ ಇದ್ದರೆ ಸಾಕು, ಬೂಷ್ಟು ಶುರುವಾಗುತ್ತದೆ. ಮಳೆಯೇ ಬರಬೇಕೆಂದಿಲ್ಲ. ಜನವರಿಯಲ್ಲಿ ಘಾಟಿಯ ಬುಡದಲ್ಲಿ ಬೀಳುವ ಇಬ್ಬನಿಯೇ ಸಾಕಾಗುತ್ತದೆ. ಬೆಳಿಗ್ಗೆ 10 ಗಂಟೆಗೆ ಮಾಡು ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ. ಮುಟ್ಟಬೇಕಾದ್ದು ಅಲ್ಲಿ ಅಲ್ಲ. ಹೊಲಿಗೆ ಇರುವಲ್ಲಿ ಬಟ್ಟೆ ನಾಲ್ಕು ಪದರ ಇರುತ್ತದೆ, ಅಂಚಿನೊಳಗೆ ಹಗ್ಗ ಇರುತ್ತದೆ. ಆ ಹೊಲಿಗೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಒಣಗಿಲ್ಲ. ಅಪ್ಪ ಹಾಗೇ ನೋಡುತ್ತಿದ್ದರು, ನಾನೂ ಹಾಗೇ ನೋಡುತ್ತೇನೆ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಡೇರೆಗಳು ನಮ್ಮಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಡೇರೆ ಮೇಳದ ಡೇರೆ ಅಂದರೆ ದಿನಾ ಒಂದು ಊರು. ರಾತ್ರಿ ಆಟ, ಬೆಳಗಾದ ಮೇಲೆ ಬಿಚ್ಚಿ ಲಾರಿಗೆ ಹಾಕಿ, ಸಂಜೆಯೊಳಗೆ ಇನ್ನೊಂದು ಊರಲ್ಲಿ ಕಟ್ಟಬೇಕು. ಇಬ್ಬನಿಯಲ್ಲಿ ನೆನೆದದ್ದನ್ನೇ ಮಡಚುತ್ತಿದ್ದರು. ಆದರೂ ಅವು ವರ್ಷಗಟ್ಟಲೆ ಬಾಳುತ್ತಿದ್ದವು. ಯಾಕೆ ಗೊತ್ತಾ? ಅದೇ ದಿನ ಮಧ್ಯಾಹ್ನ ಬಿಸಿಲಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ನಮ್ಮ ನಿಮ್ಮ ಡೇರೆ ಹಾಗಲ್ಲ, ಮಡಚಿದರೆ ಮುಂದಿನ ವರ್ಷದವರೆಗೂ ಮಡಚಿಯೇ ಇರುತ್ತದೆ.

ನಿಮ್ಮ ಮನೆಯಲ್ಲಿ ತಾರಸಿ ಇದ್ದರೆ ಒಳ್ಳೆಯದು. ಅಡಿಕೆ ಒಣಗಿಸುವ ಅಂಗಳ ಇದ್ದರೆ ಇನ್ನೂ ಒಳ್ಳೆಯದು. ಅಂಗಳದ ಮೇಲೆ ಪಾರದರ್ಶಕ ಶೀಟು ಹಾಕಿದ ಚಪ್ಪರ ಇದ್ದರಂತೂ ಅದಕ್ಕಿಂತ ಸುಖ ಇಲ್ಲ, ಮಳೆ ಬಂದರೂ ಚಿಂತೆ ಇಲ್ಲ. ಇದ್ಯಾವುದೂ ಇಲ್ಲದೆ ಫ್ಲಾಟಿನಲ್ಲಿ ಇದ್ದರೆ ತೋಟದ ಗೆಳೆಯರಲ್ಲೇ ಕೇಳಿ. ನೀವು ಹೊರಟ ಮೇಲೂ ಒಂದು ದಿನ ಡೇರೆ ಅಲ್ಲೇ ನಿಂತಿರಲಿ, ಪೂರ್ತಿ ಒಣಗಿದ ಮೇಲೆ ಅವರು ಬಿಚ್ಚಿಡಲಿ. ಇದಕ್ಕೂ ದಾರಿ ಇಲ್ಲ ಎಂದಾದರೆ ಕ್ಯಾನ್ವಾಸ್ ಬೇಡ. ಇದು ನನ್ನ ಖಚಿತ ಮಾತು.

ದಾರಿ ಇದೆ ಎಂದಾದರೆ ಅಳತೆಗೆ ಬರೋಣ. 10×12 ಅಡಿ, ಗೋಡೆ 4 ಅಡಿ ಸಾಕು. ಬಟ್ಟೆ ಸುಮಾರು 360 ಚದರ ಅಡಿ ಆಗುತ್ತದೆ. 12 ಅಡಿ ಉದ್ದಕ್ಕೆ ಐದು ಚಾಪೆ ಸಾಲಾಗಿ ಹಾಕಿದರೆ ಒಬ್ಬೊಬ್ಬರಿಗೆ ಎರಡೂಕಾಲು ಅಡಿಗಿಂತ ಜಾಸ್ತಿಯೇ ಸಿಗುತ್ತದೆ. ಕಾಲಿನ ಬದಿಗೆ ಮೂರು ಅಡಿಯಷ್ಟು ದಾರಿ ಉಳಿಯುತ್ತದೆ, ಚೀಲ ಇಡಬಹುದು. ಮಡಚುವ ಮಂಚ ಹಾಕುವುದಾದರೆ ಮಾತ್ರ ಐದು ಜನಕ್ಕೆ ಇದು ಇಕ್ಕಟ್ಟು.

ಬಟ್ಟೆಯ ದಪ್ಪವನ್ನು ಅಮೆರಿಕದವರು ಔನ್ಸಿನಲ್ಲಿ ಹೇಳುತ್ತಾರೆ, ನಮ್ಮ ಅಂಗಡಿಯವರು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುತ್ತಾರೆ. ಒಂದು ಚದರ ಗಜಕ್ಕೆ 10 ಔನ್ಸ್ ಅಂದರೆ ಸುಮಾರು 340 ಜಿಎಸ್‌ಎಂ. 12 ಔನ್ಸ್ ಅಂದರೆ ಸುಮಾರು 407. ದಪ್ಪ ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದು ಮಾರುವವರು ಹೇಳಬಹುದು. ನಮ್ಮ ಊರಿಗೆ ನಾನು 340 ಅನ್ನೇ ಹೇಳುತ್ತೇನೆ. ದಪ್ಪ ಬಟ್ಟೆ ಒಣಗಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ನಮಗೆ ಕಷ್ಟ ಇರುವುದೇ ಅಲ್ಲಿ. 10×12ರ ಅಳತೆಗೆ 340ರಲ್ಲಿ ಬರೀ ಬಟ್ಟೆಯೇ 11 ಕಿಲೋ ದಾಟುತ್ತದೆ. ಹೊಲಿಗೆಯ ಮಡಿಕೆ, ಅಂಚು, ಹಗ್ಗ ಸೇರಿ 15 ಕಿಲೋ ಎಂದು ಇಟ್ಟುಕೊಳ್ಳಿ. ಕಂಬ, ನೆಲದ ಹಾಸು ಬೇರೆ. ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುವ ಡೇರೆ ಇದಲ್ಲ. ಅಮೆರಿಕದಲ್ಲೂ ಇದನ್ನು ಕಾಡಿನೊಳಗೆ ಹೇಸರಗತ್ತೆ, ಕುದುರೆಗಳ ಮೇಲೆ ಹೇರಿಕೊಂಡು ಹೋಗುತ್ತಾರೆ, ಇಲ್ಲವೇ ಗಾಡಿ ಹೋಗುವಲ್ಲಿ ತನಕ ಗಾಡಿಯಲ್ಲಿ. ನಿಮಗೆ ತೋಟದ ತನಕ ಜೀಪು ಹೋಗುತ್ತದೆ ಎಂದು ಬರೆದಿದ್ದೀರಿ, ಹಾಗಾಗಿ ತೊಂದರೆ ಇಲ್ಲ.

ಬಟ್ಟೆ ನೂರಕ್ಕೆ ನೂರು ಹತ್ತಿಯಾ ಎಂದು ಕೇಳಿ ಸುಮ್ನೆ ಬರಬೇಡಿ, ನೋಡಿ ಬನ್ನಿ. ಅಂಚಿನಿಂದ ಒಂದು ಎಳೆ ಎಳೆದು ಬೆಂಕಿ ಕಡ್ಡಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನನಗೊಮ್ಮೆ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಲೇಪ ಹಾಕಿದ ಬಟ್ಟೆಯನ್ನು ಶುದ್ಧ ಕ್ಯಾನ್ವಾಸ್ ಎಂದೇ ಕೊಟ್ಟಿದ್ದರು. ಶಾಲೆಯ ಹಣ, ವಾಪಸ್ಸು ಬರಲಿಲ್ಲ. ಆಮೇಲೆ ಕಡ್ಡಿಪೆಟ್ಟಿಗೆ ಇಲ್ಲದೆ ನಾನು ಕ್ಯಾನ್ವಾಸ್ ಕೊಳ್ಳಲು ಹೋದದ್ದಿಲ್ಲ. ಹತ್ತಿಯೇ ಯಾಕೆ ಬೇಕೆಂದರೆ, ನಿಮ್ಮ ನೈಲಾನ್ ಟೆಂಟಿನೊಳಗೆ ಹನಿಯುವ ನೀರು ಹೊರಗಿನದ್ದಲ್ಲ. ಅದು ನಿಮ್ಮ ಐದು ಜನರ ಉಸಿರು. ಹೊರಗೆ ಹೋಗಲು ದಾರಿ ಇಲ್ಲದೆ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಹತ್ತಿಯ ನೇಯ್ಗೆ ಆ ಪಸೆಯನ್ನು ಹೊರಗೆ ಬಿಡುತ್ತದೆ.

ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕಿಗಳು ತುಂಬ ಕಂಡರೆ ನೇಯ್ಗೆ ಸಡಿಲ. ಮಾಡಿನ ಹೊಲಿಗೆ ಮಡಿಕೆ ಹಾಕಿ ಎರಡು ಸಾಲು ಹೊಲಿದಿರಬೇಕು. ಗೋಡೆಯನ್ನು ಸುತ್ತಿ ಮೇಲೆ ಕಟ್ಟಲು ಬರಬೇಕು, ಮಧ್ಯಾಹ್ನದ ಸೆಕೆಗೆ ಅದು ಬೇಕೇ ಬೇಕು. ಗೋಡೆಯ ಬುಡದಲ್ಲಿ ಒಂದು ಗೇಣಿನಷ್ಟು ಹೆಚ್ಚುವರಿ ಬಟ್ಟೆ ಇರಲಿ. ಅದನ್ನು ಒಳಕ್ಕೆ ಮಡಚಿ ಅದರ ಮೇಲೆ ನೆಲದ ಹಾಸು ಹಾಕಿದರೆ ಗಾಳಿ, ಹುಳ-ಹುಪ್ಪಟೆ ಬರುವುದಿಲ್ಲ. ಈ ಪಟ್ಟಿ ಮಾತ್ರ ಹತ್ತಿಯದ್ದಲ್ಲದೆ ಪ್ಲಾಸ್ಟಿಕ್ ಲೇಪದ ಬಟ್ಟೆಯಾಗಿರಲಿ. ಮಣ್ಣಿಗೆ ತಾಗಿಕೊಂಡೇ ಇರುವುದರಿಂದ ಹತ್ತಿಯಾದರೆ ಮೊದಲು ಕೊಳೆಯುವುದು ಅದೇ.

ಹೊಸ ಕ್ಯಾನ್ವಾಸ್ ಟೆಂಟ್ ತೆಗೆದುಕೊಂಡೆವು. ಮೊದಲ ಮಳೆಗೇ ಹೊಲಿಗೆ ಸಾಲಿನಲ್ಲಿ ನೀರು ತೊಟ್ಟಿಕ್ಕಿತು. ವಾಪಸ್ಸು ಕೊಡಬೇಕಾ?
– ಮಣಿಪಾಲದ ವಿದ್ಯಾರ್ಥಿಗಳು

ಕೊಡಬೇಡಿ. ನೀವು ಅದಕ್ಕೆ ಮೊದಲು ನೀರು ಕುಡಿಸಲಿಲ್ಲ, ಅಷ್ಟೇ. ಹತ್ತಿಯ ನೂಲು ನೆನೆದರೆ ಉಬ್ಬುತ್ತದೆ. ಉಬ್ಬಿ ನೇಯ್ಗೆಯ ಸಂದುಗಳನ್ನು, ಸೂಜಿ ಹೊಕ್ಕ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬಿಸಿಲಿರುವ ದಿನ ಡೇರೆಯನ್ನು ನಿಲ್ಲಿಸಿ ಪೈಪಿನಲ್ಲಿ ಪೂರ್ತಿ ನೆನೆಸಿ, ಹಾಗೇ ನಿಂತಲ್ಲೇ ಒಣಗಲು ಬಿಡಿ. ಇದನ್ನು ಎರಡು-ಮೂರು ಸಲ ಮಾಡಿ. ಮಳೆ ಬರುವಾಗ ಒಳಗಿನಿಂದ ಮಾಡನ್ನು ಬೆರಳಿನಿಂದ ಮುಟ್ಟಬೇಡಿ, ಚೀಲವನ್ನು ಗೋಡೆಗೆ ಒರಗಿಸಿಡಬೇಡಿ. ಮುಟ್ಟಿದ ಜಾಗದಲ್ಲಿ ನೀರು ಒಳಗೆ ಇಳಿಯಲು ಶುರುವಾಗುತ್ತದೆ. ಮೂರು ಸಲ ನೆನೆಸಿದ ಮೇಲೂ ಸೋರಿದರೆ ಆಗ ಅಂಗಡಿಗೆ ಹೋಗಿ.

ಫೋಟೋಗಳಲ್ಲಿ ವಾಲ್ ಟೆಂಟಿಗೆ ಕಾಡಿನ ಮರದ ಗಳಗಳನ್ನೇ ಕಡಿದು ಕಟ್ಟಿರುತ್ತಾರೆ. ಕುದುರೆಮುಖದ ಕಡೆ ಹೋದಾಗ ನಾವೂ ಹಾಗೆ ಮಾಡಬಹುದಾ? ಕಂಬ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.
– ಹೆಬ್ರಿಯ ಓದುಗರು

ದಯವಿಟ್ಟು ಮಾಡಬೇಡಿ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಹೋಗಿ ಅದೇ ದಿನ ಇಳಿದು ಬರಬೇಕು. ಕಾಡಿನೊಳಗೆ ಡೇರೆ ಹಾಕಿ ರಾತ್ರಿ ಕಳೆಯುವ ಹಾಗಿಲ್ಲ, ಒಂದು ಗಳ ಕಡಿಯುವ ಹಾಗೂ ಇಲ್ಲ. ನೀವು ನೋಡಿದ ಫೋಟೋ ಅಮೆರಿಕದ್ದೋ ಕೆನಡಾದ್ದೋ ಇರಬೇಕು. ಅಮೆರಿಕದಲ್ಲಿ 1861ರಿಂದ 1865ರ ಅಂತರ್ಯುದ್ಧದಲ್ಲಿ ಸೇನಾ ಅಧಿಕಾರಿಗಳು ಈ ಡೇರೆಯಲ್ಲಿದ್ದರು. ಆಮೇಲೆ ಚಿನ್ನ ಹುಡುಕಿಕೊಂಡು ಕೆನಡಾದ ಕ್ಲೋಂಡೈಕಿಗೆ ಹೋದವರು ಇದನ್ನೇ ಹೊತ್ತುಕೊಂಡು ಹೋದರು. ಕಂಬವನ್ನು ಅಲ್ಲೇ ಕಡಿಯುವುದು ಆ ಕಾಲದ ಅಭ್ಯಾಸ. ನಮ್ಮ ಘಟ್ಟದ ಕಾಡಿಗೆ ಅದನ್ನು ತರುವುದು ಬೇಡ.

ಖಾಸಗಿ ತೋಟದಲ್ಲಿ ಒಡೆಯರ ಒಪ್ಪಿಗೆಯಿಂದ ಹಾಕಿ. ಅಲ್ಲಿ ಬಿದಿರು ಸಿಗುತ್ತದೆ, ಚಪ್ಪರಕ್ಕೆ ತೆಗೆದಿಟ್ಟ ಅಡಿಕೆ ಮರದ ಕಂಬಗಳೂ ಇರುತ್ತವೆ. ಮಾಡಿನ ನಡುವೆ ಹೋಗುವ ಉದ್ದ ಗಳಕ್ಕೆ ಬಿದಿರೇ ಒಳ್ಳೆಯದು. ಗಂಟುಗಳನ್ನು ನಯವಾಗಿ ಕೆತ್ತಿಸಿ, ಇಲ್ಲದಿದ್ದರೆ ಅದೇ ಜಾಗದಲ್ಲಿ ಬಟ್ಟೆ ಸವೆಯುತ್ತದೆ. ದಿನಾ ಜಾಗ ಬದಲಾಯಿಸುವವರು ಒಂದು ಇಂಚಿನ ಜಿಐ ಪೈಪು ಕತ್ತರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಮೂಲೆಯ ಜೋಡಣೆ ಮಾಡಿಸಿಕೊಳ್ಳಬಹುದು. ನನ್ನದು ಹಾಗೇ ಇದೆ. ಉಪ್ಪು ಗಾಳಿಗೆ ಪೈಪಿನ ಬಾಯಿ ತುಕ್ಕು ಹಿಡಿಯುತ್ತದೆ, ಆ ತುಕ್ಕು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ.

ಟೀಚರ್, ನಾನು ನಿಮ್ಮ ಹಳೆಯ ವಿದ್ಯಾರ್ಥಿನಿ. ಜನವರಿಯಲ್ಲಿ ಮಕ್ಕಳ ಜೊತೆ ಕೊಟ್ಟಿಗೆಹಾರದ ಕಡೆ ಡೇರೆ ಹಾಕುವ ಆಸೆ. ರಾತ್ರಿ ತುಂಬ ಚಳಿ ಇರುತ್ತದಂತೆ. ಮಡಕೆಯಲ್ಲಿ ಕೆಂಡ ತುಂಬಿ ಒಳಗೆ ಇಟ್ಟುಕೊಳ್ಳಬಹುದಾ? ಕ್ಯಾನ್ವಾಸ್ ಗಾಳಿ ಆಡುವ ಬಟ್ಟೆ ತಾನೇ?
– ಸುರತ್ಕಲ್

ಬೇಡ ಮಗಳೇ. ಒಂದು ರಾತ್ರಿಗೂ ಬೇಡ, ಒಂದು ಗಂಟೆಗೂ ಬೇಡ.

ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣಿಸದ ಕೆಂಡವೇ ಜಾಸ್ತಿ ಅಪಾಯ, ಯಾಕೆಂದರೆ ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಆ ಅನಿಲ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದಿಲ್ಲ. ಗಾಳಿ ಆಡುವ ಬಟ್ಟೆ ಎಂದು ಬರೆದಿದ್ದೀಯ. ಉಸಿರಿನ ಪಸೆಯನ್ನು ಹೊರಬಿಡುವಷ್ಟು ಮಾತ್ರ ಅದು ಆಡುವುದು. ಇಬ್ಬನಿಗೆ ನೆನೆದು ನೂಲು ಉಬ್ಬಿತೆಂದರೆ ಅದೂ ತುಂಬ ಕಡಿಮೆಯಾಗುತ್ತದೆ. ಕೆಂಡಕ್ಕೂ, ಗ್ಯಾಸ್ ಒಲೆಗೂ, ಸೀಮೆಎಣ್ಣೆ ಸ್ಟವ್‌ಗೂ ಇದೇ ಮಾತು.

ಚಳಿ ಬರುವುದು ನೆಲದಿಂದ. ನೆಲದ ಹಾಸಿನ ಮೇಲೆ ಒಣ ಬೈಹುಲ್ಲು ಒಂದು ಗೇಣು ದಪ್ಪಕ್ಕೆ ಹರಡಿ ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ ಹಾಕು. ನಿಮ್ಮನ್ನು ಶಿಬಿರಕ್ಕೆ ಕರೆದುಕೊಂಡು ಹೋದಾಗ ಹೀಗೇ ಮಲಗಿಸುತ್ತಿದ್ದೆ, ನೆನಪಿರಬೇಕು. ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಬಟ್ಟೆ ಸುತ್ತಿ ಮಕ್ಕಳ ಕಾಲಿನ ಬದಿಗೆ ಇಡು. ಹೊರಗೆ ಬೆಂಕಿ ಕಾಯಿಸಿಕೊಂಡು, ಅದನ್ನು ನೀರು ಹಾಕಿ ಪೂರ್ತಿ ಆರಿಸಿ, ಆಮೇಲೆ ಒಳಗೆ ಬನ್ನಿ.

ಮಗಳು ಮತ್ತು ಅಳಿಯ ಕೆನಡಾದ ಕ್ಯಾಲ್ಗರಿಯಲ್ಲಿದ್ದಾರೆ. ನವೆಂಬರ್‌ನಲ್ಲಿ ಗೆಳೆಯರ ಜೊತೆ ವಾಲ್ ಟೆಂಟ್ ಹಾಕಿ ಒಳಗೆ ಸೌದೆ ಒಲೆ ಇಡುತ್ತಾರಂತೆ. ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಇಲ್ಲಿಂದ ಒಂದು ಒಳ್ಳೆಯ ಡೇರೆ ಹೊಲಿಸಿ ಕಳಿಸಲಾ?
– ಕುಂದಾಪುರದ ತಾಯಿ

ಅಕ್ಕಾ, ಮೇಲಿನ ಉತ್ತರ ಓದಿ ಇನ್ನೂ ಗಾಬರಿ ಆಗಬೇಡಿ. ಅಲ್ಲಿಯ ಒಲೆ ಬೇರೆ. ಅದು ಬಾಗಿಲು ಮುಚ್ಚುವ ಕಬ್ಬಿಣದ ಪೆಟ್ಟಿಗೆ. ಹೊಗೆ ಕೊಳವೆ ಮಾಡಿನ ಮೂಲಕ ಹೊರಗೆ ಹೋಗುತ್ತದೆ. ಕೊಳವೆ ಹಾದುಹೋಗುವ ಜಾಗದಲ್ಲಿ ಬೆಂಕಿ ತಡೆಯುವ ಬಟ್ಟೆಯ ಉಂಗುರ ಹೊಲಿದಿರುತ್ತಾರೆ. ಹಿಮ ಬೀಳುವ ರಾತ್ರಿಯಲ್ಲಿ ಬೆಂಕಿ ಅಲ್ಲಿ ಬೇಕಾಗುತ್ತದೆ, ವಾಲ್ ಟೆಂಟನ್ನು ಅಲ್ಲಿಯವರು ಇಷ್ಟು ಮೆಚ್ಚುವುದೂ ಅದಕ್ಕೇ.

ಮಗಳಿಗೆ ಇಷ್ಟು ಕೇಳಿ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎತ್ತರ ಇದೆಯಾ? ತುದಿಗೆ ಕಿಡಿ ತಡೆಯುವ ಜಾಲರಿ ಇದೆಯಾ? ಒಲೆ ಗೋಡೆಯಿಂದ ಎರಡು ಅಡಿಯಾದರೂ ದೂರ ಇದೆಯಾ? ಮಾಡಿನ ಮೇಲೆ ಇನ್ನೊಂದು ಹೊದಿಕೆ ಹಾಕಿದ್ದರೆ ಅದು ಕೊಳವೆಗೆ ತಾಗುತ್ತಿಲ್ಲ ತಾನೇ? ಮಲಗುವಾಗ ಗಾಳಿ ಬರಲು ಒಂದು ಕಡೆ ತೆರೆದಿಡುತ್ತಾರಾ? ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ? ಕೊನೆಯ ಎರಡಕ್ಕೆ ಇಲ್ಲ ಎಂದರೆ ಹೋಗಬೇಡ ಎಂದು ಹೇಳಲು ನಿಮಗೆ ಪೂರ್ತಿ ಹಕ್ಕಿದೆ. ಕರಡಿ ಇರುವ ಕಾಡು ಅದು, ತಿನ್ನುವ ಸಾಮಾನನ್ನು ಡೇರೆಯೊಳಗೆ ಇಟ್ಟುಕೊಳ್ಳಬಾರದು ಎನ್ನುವುದು ಅವರಿಗೆ ಗೊತ್ತೇ ಇರುತ್ತದೆ.

ಇಲ್ಲಿಂದ ಹೊಲಿಸಿ ಕಳಿಸಬೇಡಿ. ನಮ್ಮ ಟರ್ಪಾಲು ಹೊಲಿಯುವವರ ಕೈಕೆಲಸ ಚೆನ್ನಾಗಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಳಗೆ ಒಲೆ ಇಡುವ ಡೇರೆಗೆ ಬೆಂಕಿ ಬೇಗ ಹರಡದಂತೆ ಸಂಸ್ಕರಿಸಿದ ಬಟ್ಟೆ ಬೇಕು. ಅಮೆರಿಕ, ಕೆನಡಾದಲ್ಲಿ ಅಂಥ ಡೇರೆಯ ಚೀಟಿಯ ಮೇಲೆ ಸಾಮಾನ್ಯವಾಗಿ ಸಿಪಿಎಐ-84 ಎಂಬ ಬೆಂಕಿ ಪರೀಕ್ಷೆಯ ಮಾನದಂಡದ ಹೆಸರು ಇರುತ್ತದೆ, ಅದನ್ನು ನೋಡಿ ಅಲ್ಲೇ ಕೊಳ್ಳಲಿ. ಅವರಿಗೆ 12 ಔನ್ಸಿನ ದಪ್ಪ ಬಟ್ಟೆಯೂ ಆಗುತ್ತದೆ. ಕ್ಯಾಲ್ಗರಿಯಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 400 ಮಿಲಿಮೀಟರ್, ನಮ್ಮಲ್ಲಿ ಸುಮಾರು 4,000. ಅಲ್ಲಿಯ ಒಣ ಗಾಳಿಗೆ ಡೇರೆ ಬೇಗ ಒಣಗುತ್ತದೆ. ಅಲ್ಲಿಯವರು ಬರೆದ ಸಲಹೆಯನ್ನು ಓದಿ ಇಲ್ಲಿ ಡೇರೆ ಕೊಳ್ಳುವವರು ಈ ಎರಡು ಅಂಕಿಯನ್ನು ಮರೆಯಬಾರದು. ನೀವು ಏನಾದರೂ ಕಳಿಸಲೇಬೇಕು ಅಂತಿದ್ದರೆ ಒಂದು ಒಳ್ಳೆಯ ಕಂಬಳಿ ಕಳಿಸಿ.

ನಮ್ಮದು ಸಮುದ್ರದ ಬದಿಯ ಮನೆ. ಹಿತ್ತಲಿನ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಅಣ್ಣನ ಮನೆ ಪದವಿನಲ್ಲಿ, ಅಂದರೆ ಕಲ್ಲುನೆಲದ ಎತ್ತರದ ಬಯಲಿನಲ್ಲಿದೆ, ಅಲ್ಲಿ ಗೂಟ ಇಳಿಯುವುದೇ ಇಲ್ಲ. ಏನು ಮಾಡುವುದು?
– ಬೈಂದೂರಿನ ಓದುಗರು

ಮರಳಿನಲ್ಲಿ ಗೂಟದ ಆಸೆ ಬಿಡಿ. ಅಕ್ಕಿಯ ಖಾಲಿ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಎರಡು ಅಡಿ ಆಳಕ್ಕೆ ಹೂಳಿ, ಮೇಲೆ ತುಳಿದು ಗಟ್ಟಿ ಮಾಡಿ. ಮಾಡಿನ ನಾಲ್ಕು ಮೂಲೆಗೆ ಇದು ಬೇಕು, ನಡುವಿನ ಹಗ್ಗಗಳಿಗೆ ಸಣ್ಣ ಚೀಲ ಸಾಕು. ಪದವಿನ ಮುರಕಲ್ಲಿನ ಮೇಲೆ ಕಟ್ಟಡಕ್ಕೆ ತಂದ ಕೆಂಪುಕಲ್ಲು ಇದ್ದರೆ ಎರಡೆರಡು ಜೋಡಿಸಿ ಹಗ್ಗ ಸುತ್ತಿ. ಒಂದೇ ಕಲ್ಲು ಗಾಳಿಗೆ ಜರುಗುತ್ತದೆ.

ಡೇರೆಯ ಉದ್ದದ ಗೋಡೆ ಗಾಳಿಗೆ ಎದುರಾಗಿ ನಿಲ್ಲಬಾರದು. ಮಧ್ಯಾಹ್ನ ಗಾಳಿ ಕಡಲಿನಿಂದ ಬರುತ್ತದೆ, ಹಾಗಾಗಿ ಹಿಂದಿನ ತ್ರಿಕೋನ ಪಡುವಣಕ್ಕೆ, ಬಾಗಿಲು ಮೂಡಣಕ್ಕೆ ಇರಲಿ. ರಾತ್ರಿ ನೆಲದ ಕಡೆಯಿಂದ ಬರುವ ಗಾಳಿ ಮೆಲ್ಲಗಿನದ್ದು, ಬಾಗಿಲಿನಿಂದ ಒಳಗೆ ಬಂದರೆ ಹಿತವೇ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಮಲಗುವ ಮೊದಲು ಹಗ್ಗಗಳನ್ನು ಸ್ವಲ್ಪ ಸಡಿಲ ಮಾಡಿ. ಹತ್ತಿಯ ಬಟ್ಟೆ, ಹತ್ತಿಯ ಹಗ್ಗ ಎರಡೂ ನೆನೆದರೆ ಕುಗ್ಗುತ್ತವೆ. ಸಂಜೆ ಬಿಗಿಯಾಗಿ ಕಟ್ಟಿದ ಡೇರೆ ಇಬ್ಬನಿಗೆ ಇನ್ನೂ ಬಿಗಿದುಕೊಂಡು ನಡುರಾತ್ರಿ ಗೂಟ ಕಿತ್ತು ಬರುತ್ತದೆ, ಇಲ್ಲವೇ ಹಗ್ಗ ಪೋಣಿಸುವ ತೂತು (ಐಲೆಟ್) ಹರಿದುಕೊಳ್ಳುತ್ತದೆ. ಗೈಡ್ಸ್ ಹುಡುಗಿಯರಿಗೆ ರಾತ್ರಿ ಪ್ರಾರ್ಥನೆ ಆದ ಮೇಲೆ ಇದೇ ಕೊನೆಯ ಕೆಲಸ.

ಸೀಮೆಎಣ್ಣೆಯಲ್ಲಿ ಮೇಣ ಕರಗಿಸಿ ಬಳಿದರೆ ನೀರು ನಿಲ್ಲುತ್ತದೆ ಎನ್ನುತ್ತಾರೆ. ಹೌದಾ?
– ಮೂಲ್ಕಿ

ನೀರು ನಿಲ್ಲುತ್ತದೆ. ಆದರೆ ಡೇರೆ ದೊಡ್ಡ ಬತ್ತಿಯಾಗುತ್ತದೆ. ಒಂದು ಕಿಡಿ ಸಾಕು. ಉಸಿರಿನ ಪಸೆಯೂ ಹೊರಗೆ ಹೋಗುವುದಿಲ್ಲ. ಕ್ಯಾನ್ವಾಸಿಗೆಂದೇ ಬರುವ, ನೀರಿನಲ್ಲಿ ಬೆರೆಸಿ ಹಚ್ಚುವ ದ್ರಾವಣ ತೆಗೆದುಕೊಳ್ಳಿ. ಸಾಬೂನು ಪುಡಿ, ಬ್ಲೀಚ್ ಹಾಕಿ ತೊಳೆಯಲೇಬೇಡಿ, ಮೊದಲಿದ್ದ ಲೇಪವೂ ಹೋಗುತ್ತದೆ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು.

ಅಜ್ಜನ ಕಾಲದ ಕ್ಯಾನ್ವಾಸ್ ಡೇರೆಯೊಂದು ಅಟ್ಟದಲ್ಲಿ ಸಿಕ್ಕಿದೆ. ಅಲ್ಲಲ್ಲಿ ಚುಕ್ಕಿ, ಒಂದು ಕಡೆ ಹೊಲಿಗೆ ಬಿಟ್ಟಿದೆ. ಬಳಸಬಹುದಾ?
– ಬ್ರಹ್ಮಾವರದ ಓದುಗರು

ಅಟ್ಟದಲ್ಲಿ, ಅಂದರೆ ಅಡುಗೆಮನೆಯ ಹೊಗೆ ತಾಗುವಲ್ಲಿ ಇದ್ದರೆ ಚೆನ್ನಾಗಿಯೇ ಉಳಿದಿರಬಹುದು. ನೋಡುವ ಕ್ರಮ ಹೀಗೆ. ಚುಕ್ಕಿ ಇರುವಲ್ಲಿ, ಹೊಲಿಗೆಯ ಪಕ್ಕದಲ್ಲಿ, ಮಾಡಿನ ನೆತ್ತಿಯಲ್ಲಿ, ಮೂರು ಕಡೆ ಎರಡೂ ಕೈಯ ಹೆಬ್ಬೆರಳಿನಿಂದ ಹಿಡಿದು ಜೋರಾಗಿ ಎಳೆಯಿರಿ. ಬಟ್ಟೆ ಬಿಟ್ಟುಕೊಂಡರೆ ರಿಪೇರಿಗೆ ಹಣ ಹಾಕಬೇಡಿ. ಬಿಟ್ಟುಕೊಳ್ಳದಿದ್ದರೆ ಚುಕ್ಕಿಗೆ ಹೆದರಬೇಡಿ. ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿ. ಕಲೆ ಹೋಗುವುದಿಲ್ಲ, ವಾಸನೆ ಹೋಗುತ್ತದೆ.

ಬಿಟ್ಟ ಹೊಲಿಗೆಯನ್ನು ಮನೆಯ ಮೆಷಿನ್‌ನಲ್ಲಿ ಹೊಲಿಯಲು ಹೋಗಬೇಡಿ, ಸೂಜಿ ಮುರಿಯುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ದಪ್ಪ ನೂಲು, ದಪ್ಪ ಸೂಜಿ ತನ್ನಿ. ನೂಲನ್ನು ಜೇನುಮೇಣದ ಮೇಲೆ ಎರಡು ಸಲ ಎಳೆಯಿರಿ. ಹಳೆಯ ಸೂಜಿ ತೂತುಗಳಲ್ಲೇ ಸೂಜಿ ಹಾಕಿ, ಹೊಸ ತೂತು ಮಾಡಬೇಡಿ. ಒಂದು ಮೊಳ ಹೊಲಿಯಲು ನನಗೆ ಅರ್ಧ ಗಂಟೆ ಬೇಕು, ನಿಮಗೆ ಮೊದಲ ಸಲ ಒಂದು ಗಂಟೆ ಆಗಬಹುದು. ಹೊಲಿಗೆ ಬಿಟ್ಟ ಜಾಗದಿಂದ ನಾಲ್ಕು ಬೆರಳು ಹಿಂದೆ ಶುರು ಮಾಡಿ, ನಾಲ್ಕು ಬೆರಳು ಮುಂದೆ ಹೋಗಿ ಗಂಟು ಹಾಕಿ.